ಹಾಲಿಲ್ಲದ ಕಳ್ಳಿ

ದಪ್ಪ ಎಲೆಯೊಂದು ಮುರಿಯುವಾಗ ಆಗುವ ‘ಟಕ್’ ಎಂಬ ಸದ್ದು ಬಹಳ ಸಣ್ಣದು. ಮೊನ್ನೆ ಬೈಲಹೊಂಗಲದ ನರ್ಸರಿಯಲ್ಲಿ, ‘ಜೇಡ್’ ಎಂದು ಚೀಟಿ ಅಂಟಿಸಿದ ಕುಂಡಕ್ಕೆ ಕೈ ತಾಗಿ ಎಲೆಯೊಂದು ಮುರಿದಾಗ, ನಾನು ಮತ್ತೆ ಚಿಕ್ಕಂದಿನ ಮುನವಳ್ಳಿಯ ನಮ್ಮ ಅಂಗಳದಲ್ಲಿ ನಿಂತಿದ್ದೆ. ಈಗ ಉಳಿದಿಲ್ಲದ ಅಂಥದೊಂದು ಅಂಗಳ ನಿಮಗೂ ಇದ್ದೀತು.

ನನ್ನ ತಂದೆಯ ತಂಗಿ ಗೋದಾವರಿ ಅತ್ತೆ ಗಂಡನ ಮನೆಯನ್ನು ಬಿಟ್ಟು ಬಂದ ಸಂಜೆ, ಅವಳ ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ತುಕ್ಕು ಹಿಡಿದ ಡಬ್ಬಿ. ಡಬ್ಬಿಯೊಳಗೆ ಅವಳೇ ಬೆಳೆಸಿದ ಅಂಥದೇ ಗಿಡ: ಕೂಸಿನ ಕಿವಿಯಂಥ ದುಂಡಗಿನ, ತಣ್ಣನೆಯ ಎಲೆಗಳು, ಮುದಿ ಮರದಂಥ ಪುಟ್ಟ ಕಾಂಡ. ಹಾಲು ಒಸರುವ ಗಿಡ ಹೊಸ್ತಿಲೊಳಗೆ ಬಂದರೆ ಮನೆ ಒಡೆಯುತ್ತದೆಂಬುದು ಪೌರೋಹಿತ್ಯದ ನಮ್ಮ ಮನೆತನದ ನಂಬಿಕೆ. ಅಜ್ಜ ಜಪಮಾಲೆಯನ್ನು ಕೆಳಗಿಟ್ಟ.

“ಕಳ್ಳಿ ಅದು, ಗೋದಾ. ಬೇಲ್ಯಾಗ ಹಚ್ಚಿ ಬಾ.”

“ಕಳ್ಳಿ ಅಲ್ಲಪ್ಪಾ.”

“ಮಾರಿ ನೋಡಿದ್ರನ ತಿಳೀತದ,” ಎಂದು ಅಜ್ಜ ಗಿಡದ ಮುಖದತ್ತ ಗದ್ದ ತೋರಿದ.

“ಮಾರಿ ನೋಡೇ ನನ್ನ ಆ ಮನಿಗೆ ಕೊಟ್ಟಿದ್ರಿ,” ಎಂದಳು ಅತ್ತೆ. “ಇದು ಹೊರಗ ಹೋದ್ರ ನಾನೂ ಹೋಗ್ತೇನಿ. ಎಲಿ ಮುರದು ನೋಡ್ರಿ. ಹಾಲ ಬಂದ್ರ ಈಗಿಂದೀಗ ಚೀಲಾ ಎತ್ತತೇನಿ.”

ಅಜ್ಜನ ಬೆರಳು ಎಲೆಯ ಬುಡವನ್ನು ಹಿಡಿಯಿತು. ನನ್ನ ಕಣ್ಣು ಚೀಲದ ಮೇಲಿತ್ತು. ಟಕ್. ಗಾಯದ ತುದಿಯಲ್ಲಿ ಒಂದು ಹನಿ ಕೂಡಿಕೊಂಡಿತು. ಇಳಿಬಿಸಿಲಿಗೆ ಅದು ಕ್ಷಣಕಾಲ ಬೆಳ್ಳಗೇ ಕಂಡಿತು. ಅತ್ತೆ ಚೀಲದ ಹಿಡಿಕೆಗೆ ಕೈ ಹಾಕಿದಳು. ಅಜ್ಜ ಹನಿಯನ್ನು ಬೆರಳಿಗೆ ತೆಗೆದುಕೊಂಡು ಬೆಳಕಿಗೆ ಹಿಡಿದ, ಉಜ್ಜಿದ, ಮತ್ತೆ ನೋಡಿದ.

“ನೀರದ,” ಎಂದ. ಬೆರಳನ್ನು ಧೋತರಕ್ಕೆ ಒರೆಸಿ, “ಕೈಕಾಲ ತೊಳಕೋ. ಊಟಕ್ಕ ಏಳು.”

ಆಪತ್ತು ಬಂದದ್ದು ಆಮೇಲೆ, ಪ್ರೀತಿಯ ಮೂಲಕ. ದೇವರಿಗೆ ಅಭಿಷೇಕ ಮಾಡಿದ ನೀರನ್ನು ಯಾರೂ ತುಳಿಯಬಾರದೆಂದು ಗಿಡದ ಬುಡಕ್ಕೆ ಸುರಿಯುವುದು ನಮ್ಮಲ್ಲಿ ರೂಢಿ. ಅಜ್ಜಿ ಆ ಮಾನವನ್ನು, ತುಳಸಿಯ ಜೊತೆಗೆ, ಮಗಳ ಗಿಡಕ್ಕೂ ದಿನಾಲು ಸಲ್ಲಿಸಿದಳು. ಕಾಂಡ ಮೆತ್ತಗಾಯಿತು, ಎಲೆಗಳು ಉದುರಿದವು, ಒಂದು ಮುಂಜಾನೆ ಗಿಡವೇ ಕೊಳೆತು ಮಲಗಿತ್ತು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅತ್ತೆ ಈಗ ಹೊರಟೇಬಿಡುತ್ತಾಳೆಂದು ನಾನು ಅವಳ ಚೀಲವನ್ನು ಹುಡುಕಿದೆ. ಅತ್ತೆ ಬಗ್ಗಿ, ಗಟ್ಟಿ ಉಳಿದಿದ್ದ ಎಲೆಯೊಂದನ್ನು ಆರಿಸಿ, ಒಣ ಮರಳುಮಣ್ಣಿನ ಮೇಲೆ ಮಲಗಿಸಿದಳು.

“ಅವ್ವಾ, ಇದಕ್ಕ ಪುಣ್ಯಾ ಬ್ಯಾಡ. ಎಳೆ ಬಿಸಲಿದ್ರ ಸಾಕು.”

ಅಜ್ಜಿ ಅಳುತ್ತಲೇ ನಕ್ಕಳು. ಬಹಳ ದಿನ ಆ ಎಲೆ ಸುಮ್ಮನಿತ್ತು; ದಿನಾ ಮುಂಜಾನೆ ನಾವೆಲ್ಲ ಬಗ್ಗಿ ನೋಡಿ ಎದ್ದು ಹೋಗುತ್ತಿದ್ದೆವು. ಕೊನೆಗೆ ಅದರ ಗಾಯದಿಂದ ನಸುಗೆಂಪು ಬೇರು ದಾರದ ಎಳೆಯಂತೆ ಇಳಿದಿತ್ತು. ಮೊದಲು ಕಂಡವನು ಅಜ್ಜ.

ಆ ಅಂಗಳ ಈಗಿಲ್ಲ, ಆ ಮೂವರೂ ಇಲ್ಲ. ಪರೀಕ್ಷಿಸುವ ಮೊದಲೇ ಹೆಸರಿಡುವ, ಒಪ್ಪಿದ ಮೇಲೆ ತಮ್ಮದೇ ನೀರಿನಲ್ಲಿ ಮುಳುಗಿಸುವ ಮನೆಗಳ ವಿರುದ್ಧ ನಾನು ಎಷ್ಟೋ ವೇದಿಕೆಗಳಲ್ಲಿ ವಾದಿಸಿದ್ದೇನೆ. ಅತ್ತೆಯಷ್ಟು ಚಿಕ್ಕ ಮಾತಿನಲ್ಲಿ ಎಂದೂ ಗೆದ್ದಿಲ್ಲ. ನರ್ಸರಿಯಲ್ಲಿ ಮುರಿದ ಎಲೆ ಈಗ ನನ್ನ ಕಿಟಕಿಯ ಒಣಮಣ್ಣಿನ ಮೇಲಿದೆ. ಮುಂಜಾನೆ ಕೈ ತಾನಾಗಿ ನೀರಿನ ತಂಬಿಗೆಯನ್ನು ಎತ್ತುತ್ತದೆ. ತಡೆದು, ಕೆಳಗಿಡುತ್ತೇನೆ.