ಮಿಸ್ ಒಜೆಲ್ಲಾ ಪಿಂಕ್ನಿ ಅವರ ಗೋಡೆ ಮತ್ತು ಅಚ್ಚಾಗದ ಒಂದು ಹೆಸರು

ಕಪ್ಪು ಜನರ ಲೇಖಕರನ್ನು, ಮುಂದಾಳುಗಳನ್ನು, ಹೊಸದನ್ನು ಕಂಡುಹಿಡಿದವರನ್ನು ಕೊಂಡಾಡುವ ಕೆಲಸ ಈಗ ಅವರ ಇತಿಹಾಸಕ್ಕೆ ಮೀಸಲಾದ ಫೆಬ್ರವರಿ ತಿಂಗಳು ಬಂತೆಂದರೆ ಎಲ್ಲ ಕಡೆ ತಾನಾಗಿ ನಡೆದುಹೋಗುತ್ತದೆ. ಆದರೆ ಅಮೆರಿಕದ ಜಾರ್ಜಿಯಾ ಕರಾವಳಿಯ ನಮ್ಮ ಪೆಂಡರ್ ಲ್ಯಾಂಡಿಂಗ್‌ನಂಥ ಸಣ್ಣ ಊರಿನಲ್ಲಿ ಆ ಕೆಲಸಕ್ಕೆ ಮೊದಲು ಒಂದು ಗೋಡೆ ಬೇಕು, ಗೋಡೆಗೆ ಮೊಳೆ ಬೇಕು, ಹೊಡೆದ ಮೊಳೆಯನ್ನು ಯಾರೂ ಕೀಳದಂತೆ ಕಾವಲಿರುವ ಒಬ್ಬರು ಬೇಕು ಎಂದು ಅರಿತವರು ಗ್ರಂಥಪಾಲಕಿ ಮಿಸ್ ಒಜೆಲ್ಲಾ ಪಿಂಕ್ನಿ ಅವರು. ಈ ವಸಂತದಲ್ಲಿ ಅವರು ನಿವೃತ್ತರಾಗುತ್ತಿರುವ ಸಂದರ್ಭದಲ್ಲಿ ಶಿಷ್ಯರೂ ಸಹೋದ್ಯೋಗಿಗಳೂ ಕೂಡಿ ಈ ಅಭಿನಂದನ ಗ್ರಂಥವನ್ನು ಅರ್ಪಿಸುತ್ತಿದ್ದೇವೆ. ಇದಕ್ಕೆ ಅವರು ಒಪ್ಪಿದ್ದು ಒಂದು ಷರತ್ತಿನ ಮೇಲೆ. ಈ ಲೇಖನ ಆ ಷರತ್ತಿಗೆ ತಲೆಬಾಗಿ ಬರೆದದ್ದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ವಾಚನಾಲಯದ ಮೂಡಣ ಗೋಡೆಯ ಮೇಲೆ ನಮ್ಮ ಜಿಲ್ಲೆಯ ಮೊದಲ ಕಪ್ಪು ವೈದ್ಯೆಯ ಭಾವಚಿತ್ರವನ್ನು ತೂಗುಹಾಕಿದರು. ಆಗಿನ ಆಡಳಿತ ಮಂಡಳಿಯ ಬಿಳಿಯ ಮಹನೀಯರು ಅದನ್ನು ನೋಡಿ ಮುಸಿಮುಸಿ ನಕ್ಕು, "ಇಂಥವರೊಬ್ಬರು ಇದ್ದರು ಅನ್ನೋದಕ್ಕೆ ಆಧಾರ ಎಲ್ಲಿದೆ?" ಎಂದು ಕೇಳಿ, ಚಿತ್ರವನ್ನು ಇಳಿಸಿಬಿಟ್ಟರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಬಂದ ಯುವತಿ ಅಂದೇ ಒಂದು ಪಣ ತೊಟ್ಟರು: ಅಚ್ಚಾದ ಒಂದು ಸಾಲಿನ ಆಧಾರವಿಲ್ಲದೆ ಯಾವ ಹೆಸರೂ ಆ ಗೋಡೆ ಹತ್ತುವುದಿಲ್ಲ, ಹತ್ತಿದ ಹೆಸರನ್ನು ಯಾರಪ್ಪನೂ ಇಳಿಸುವುದಿಲ್ಲ. ನ್ಯಾಯಾಲಯಗಳ ನೆಲಮಾಳಿಗೆಗಳಲ್ಲಿ ಧೂಳು ಕುಡಿದು, ನಿಂತುಹೋದ ಪತ್ರಿಕೆಗಳ ಹಳೆಯ ಕಟ್ಟುಗಳನ್ನು ಮಗುಚಿಹಾಕಿ, ಅಗಸಗಿತ್ತಿಯರ ಮುಷ್ಕರವನ್ನು ಮುನ್ನಡೆಸಿದವಳನ್ನೂ, ರೈಲುದೀಪವನ್ನು ಸುಧಾರಿಸಿದವನನ್ನೂ, ಹೊಲದ ಬದುವಿನಲ್ಲಿ ಕೂತು ಕವಿತೆ ಬರೆದವನನ್ನೂ ಅವರು ಒಬ್ಬೊಬ್ಬರಾಗಿ ಕರೆತಂದರು. ವೈದ್ಯೆಯೂ ಆಧಾರಸಮೇತ ತಮ್ಮ ಮೊಳೆಗೆ ಮರಳಿದರು. ಈ ಸಲ ಮಂಡಳಿ ಅವರನ್ನು ಇಳಿಸಲಿಲ್ಲ.

ಆ ಗೋಡೆಯ ಕೆಳಗೆ ಫೆಬ್ರವರಿಯ ಕೊನೆಯ ಭಾನುವಾರ ಮಕ್ಕಳು ಒಬ್ಬೊಬ್ಬ ಹಿರಿಯರ ವೇಷ ತೊಟ್ಟು, "ನಾನು ಇಂಥವಳು, ಇಂಥದ್ದನ್ನು ಮಾಡಿದೆ" ಎಂದು ಹೇಳುವ ರೂಢಿ ಬೆಳೆಯಿತು. ಇಂದು ನಮ್ಮಲ್ಲಿ ವಕೀಲರೂ ದಾದಿಯರೂ ಶಿಕ್ಷಕರೂ ಆಗಿರುವ ಅನೇಕರು ಮೊದಲು ಬಾಯಿಬಿಟ್ಟು ಮಾತಾಡಿದ್ದು ಅಲ್ಲಿಯೇ. ಮಾತು ಮರೆತು ಕಣ್ಣು ತುಂಬಿಕೊಂಡ ಮಗುವಿನ ಬೆನ್ನ ಹಿಂದೆ ಮಿಸ್ ಒಜೆಲ್ಲಾ ಚರ್ಚಿಗೆಂದೇ ಜೋಪಾನ ಮಾಡಿದ ತಮ್ಮ ಭಾನುವಾರದ ಉಡುಪಿನಲ್ಲೇ ನೆಲಕ್ಕೆ ಮೊಣಕಾಲೂರಿ, ಮುಂದಿನ ಪದವನ್ನು ಪಿಸುಗುಟ್ಟುತ್ತಿದ್ದರು. ಯಾವ ಮಗುವೂ ಅರ್ಧಕ್ಕೆ ನಿಂತು ಇಳಿದುಹೋದದ್ದಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಲೇಖನ ಎಲ್ಲರಿಗೂ ಹಿತವಾಗುತ್ತಿತ್ತು. ಆದರೆ ಷರತ್ತು ಮುಂದಿನದಕ್ಕೇ ಸಂಬಂಧಿಸಿದ್ದು.

ನಮ್ಮ ಚರ್ಚಿನ ಹಿರಿಯ ತಾಯಂದಿರಲ್ಲಿ ಮದರ್ ಲೋವಿ ಗ್ಯಾಡ್ಸನ್ ಒಬ್ಬರು. ಹುಡುಗಿಯಾಗಿದ್ದಾಗಿನಿಂದ ಸಿಂಪಿ ಬಿಡಿಸಿ ಒಳಗಿನ ಮಾಂಸ ತೆಗೆಯುವ ಕಾರ್ಖಾನೆಯಲ್ಲಿ ದುಡಿದವರು. ಚಿಪ್ಪಿನ ಸಂದಿಗೆ ಚೂರಿ ಹಾಕಿ ತಿರುವುವಾಗ ಅದು ಜಾರಿದರೆ ಚಿಪ್ಪು ಹಿಡಿದ ಎಡಗೈಯೇ ಸೀಳಿಹೋಗುತ್ತಿತ್ತು. ಅವರ ಗಂಡ ಸೀಫಸ್ ಗ್ಯಾಡ್ಸನ್ ಹಳೆಯ ಟೈರಿನ ರಬ್ಬರು, ಡಬ್ಬದ ತಗಡು ಸೇರಿಸಿ, ಅಂಗೈಗೆ ಕಟ್ಟುವ ಒಂದು ಕವಚ ಮಾಡಿಕೊಟ್ಟರು. ಮೊದಲು ಹೆಂಡತಿಗೆ, ಆಮೇಲೆ ಕೆಲಸದ ಸಾಲಿನಲ್ಲಿ ನಿಂತ ಎಲ್ಲ ಹೆಂಗಸರಿಗೆ. ಕಾರ್ಖಾನೆಯ ಧಣಿ ಅದನ್ನು ತನ್ನದೇ ಎಂದು ನೋಂದಾಯಿಸಿ ಕರಾವಳಿಯುದ್ದಕ್ಕೂ ಮಾರಿದ.

ಒಂದು ಫೆಬ್ರವರಿಯಲ್ಲಿ ಮದರ್ ಲೋವಿ ವಾಚನಾಲಯಕ್ಕೆ ಬಂದು ಮೇಜಿನ ಮುಂದೆ ನಿಂತರು.

"ಏನಮ್ಮಾ ಒಜೆಲ್ಲಾ, ನಿನ್ನ ಗೋಡೆ ಮೇಲೆ ನಮ್ಮನೆಯವ್ರಿಗೊಂದು ಜಾಗ ಇದೆಯೋ ಇಲ್ವೋ?"

"ಅಯ್ಯೋ, ಇಲ್ದೆ ಏನಮ್ಮಾ! ಅಚ್ಚಾದ್ದು ಒಂದೇ ಒಂದು ಸಾಲು ತಂದ್ಕೊಡಿ. ಪೇಪರಿನ ತುಂಡಾದ್ರೂ ಸರಿ."

ಮುದುಕಿ ಎಡಗೈಯನ್ನು ಮೇಜಿನ ಮೇಲೆ ಬಿಡಿಸಿಟ್ಟರು. "ಇದನ್ನ ಓದು. ಈ ಗಾಯಗಳೆಲ್ಲ ಅವ್ರು ಕವಚ ಮಾಡೋಕ್ ಮುಂಚಿನ್ವು. ಆಮೇಲಿನ್ದು ಒಂದಾದ್ರೂ ಇದ್ರೆ ತೋರ್ಸು ನೋಡೋಣ."

ಮಿಸ್ ಒಜೆಲ್ಲಾ ಆ ಕೈಯನ್ನು ನೋಡಿದರು. ಎರಡೂ ಕೈಗಳಲ್ಲಿ ಹಿಡಿದುಕೊಂಡರು ಕೂಡ. ಅವರ ಮನಸ್ಸು ನಂಬಿತ್ತು. ಆದರೆ ಬಸ್ಸು, ತೊಡೆಯ ಮೇಲಿನ ಚಿತ್ರ, ಆ ನಗು ನೆನಪಾದವು. "ನನಗೆ ಗೊತ್ತಮ್ಮಾ. ಆದ್ರೆ ಮಂಡಳಿಯವರು ಬಂದು ಕೇಳಿದ್ರೆ ನಾನೇನು ತೋರಿಸ್ಲಿ?" ಎಂದರು.

"ನನ್ನೇ ಕರಿ. ಬಂದು ನಿಂತ್ಕೋತೀನಿ."

"ಅದು ನಡೆಯಲ್ಲಮ್ಮಾ."

ಮುಂದಿನ ಫೆಬ್ರವರಿಗಳಲ್ಲೂ ಇದೇ ಮಾತು, ಇದೇ ಉತ್ತರ, ಪ್ರತಿ ಸಲವೂ ಅದೇ ಸವಿಮಾತು. ಸೀಫಸ್ ಮಾತ್ರ ಮುಂದಿನ ಸಾಲಿನಲ್ಲಿ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಕೂತು, ಎಲ್ಲ ಮಕ್ಕಳಿಗೂ ಚಪ್ಪಾಳೆ ತಟ್ಟುತ್ತಿದ್ದರು. "ಬಿಡೇ ಲೋವಿ, ಈ ವಯಸ್ನಲ್ಲಿ ನನ್ನನ್ನ ಗೋಡೆ ಹತ್ತಿಸಿದ್ರೆ ಕೆಳಗಿಳಿಸೋರ್ಯಾರು?" ಎಂದು ಹೆಂಡತಿಯನ್ನು ಛೇಡಿಸುತ್ತಿದ್ದರು. ಸುತ್ತಲಿನವರು ನಗುತ್ತಿದ್ದರು, ಮಿಸ್ ಒಜೆಲ್ಲಾ ಕೂಡ ನಗುತ್ತಿದ್ದರು. ಆ ನಗುವನ್ನು ನೆನೆದರೆ ಈಗಲೂ ಅವರಿಗೆ ಕಿವಿ ಬಿಸಿಯಾಗುತ್ತದೆ.

ಒಂದು ಚಳಿಗಾಲದಲ್ಲಿ ಸೀಫಸ್ ತೀರಿಕೊಂಡರು. ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಕೆಳಗಿನ ಕೋಣೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ಮದರ್ ಲೋವಿ ಕೆಂಪನ್ನ, ಹುರಿದ ಮೀನು, ಸಿಹಿಗೆಣಸಿನ ಪೈ ಹಾಕಿದ ತಟ್ಟೆಯನ್ನು ತಾವೇ ಹಿಡಿದು ಬಂದು ಮಿಸ್ ಒಜೆಲ್ಲಾ ಅವರ ಮುಂದಿಟ್ಟರು. ತಟ್ಟೆಯ ಪಕ್ಕಕ್ಕೆ ಅಂತ್ಯಸಂಸ್ಕಾರದಲ್ಲಿ ಎಲ್ಲರಿಗೂ ಹಂಚಿದ ಅಚ್ಚಿನ ಹಾಳೆಯನ್ನಿಟ್ಟರು. ಮೇಲೆ ಸೀಫಸ್ ಅವರ ಚಿತ್ರ. ಕೆಳಗೆ ಹುಟ್ಟು, ಮದುವೆ, ಮಕ್ಕಳು. ನಡುವೆ ಒಂದು ಸಾಲು, ಕವಚದ ಬಗ್ಗೆ.

"ತಗೋ ಮಗಳೇ. ಅಚ್ಚಾಗಿದೆ. ಇದಾಗತ್ತಾ?"

ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು ಎಂದು ಮಿಸ್ ಒಜೆಲ್ಲಾ ಹೇಳುತ್ತಾರೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಮ್ಮ ಜನರ ಕೈಗೆ ಯಾರೂ ಎಂದೂ ಕೊಡದ ಕಾಗದವನ್ನು, ಕೊಡದವರು ಕೇಳಿದ ಧಾಟಿಯಲ್ಲೇ, ತಾವೂ ಕೇಳಿಕೊಂಡು ಬಂದಿದ್ದರು. ಮಂಡಳಿಯವರು ಅದನ್ನು ನಗುತ್ತ ಕೇಳಿದ್ದರು. ತಾವು 'ಅಮ್ಮಾ' ಎನ್ನುತ್ತ ಕೇಳಿದ್ದರು. ವ್ಯತ್ಯಾಸ ಅಷ್ಟೇ. ಮಾರನೆಯ ದಿನ ಅವರು ಗ್ಯಾಡ್ಸನ್ನರ ಮನೆಗೆ ಹೋಗಿ ಕ್ಷಮೆ ಕೇಳಿದರು, ಚಿತ್ರ ಹಾಕುತ್ತೇನೆಂದರು.

"ಹಾಕು," ಎಂದರು ಮದರ್ ಲೋವಿ. "ಅವ್ರು ನೋಡಲ್ಲ, ಅಷ್ಟೇ."

ಚಿತ್ರ ಗೋಡೆ ಹತ್ತಿತು. ಪಣವೂ ಅಂದಿಗೆ ಮುರಿಯಿತು. ಚರ್ಚಿನಲ್ಲಿ ಎದ್ದು ನಿಂತು ಸಾಕ್ಷಿ ನುಡಿಯುವಂತೆ, ಕಂಡವರು ಬಂದು ಕಂಡದ್ದನ್ನು ಹೇಳಿದರೆ ಸಾಕು, ಈಗ ನಮ್ಮ ಗೋಡೆಗೆ ಅದೇ ಆಧಾರ. ಬದುಕಿರುವವರಿಗೇ ಮೊದಲ ಮೊಳೆ. ಸುತ್ತಲಿನ ಊರುಗಳೂ ಇದನ್ನು ಅನುಸರಿಸುತ್ತಿವೆ, ಅವರನ್ನು ಹೊಗಳುತ್ತಿವೆ. ಆ ಹೊಗಳಿಕೆ ಕೇಳಿದಾಗಲೆಲ್ಲ ಅವರು ಮಾತು ಬದಲಿಸುತ್ತಾರೆ.

ಈ ಗ್ರಂಥದ ಪ್ರಸ್ತಾಪ ಹಿಡಿದು ಹೋದಾಗ ಅವರು ಕೇಳಿದ್ದು ಒಂದೇ. "ಸೀಫಸ್ ಅವ್ರ ವಿಷಯ ಬರೀತೀರಾ? ನಾನು ಮಾಡಿದ್ದನ್ನೂ ಬರೀಬೇಕು. ಬೆಣ್ಣೆ ಹಚ್ಚಬೇಡಿ."

"ಮಿಸ್ ಒಜೆಲ್ಲಾ, ಇದು ಅಭಿನಂದನ ಗ್ರಂಥ," ಎಂದು ನಮ್ಮಲ್ಲೊಬ್ಬರು ಅಂದರು.

"ಅಚ್ಚಾಗತ್ತೆ ತಾನೇ? ನನ್ನ ಹೆಸರು ಬೇಕಾದಷ್ಟು ಸಲ ಅಚ್ಚಾಗಿದೆ. ಇಲ್ಲಿ ಅವ್ರದ್ದು ಆಗ್ಲಿ."

ಹಾಗೆಯೇ ಆಗಿದೆ. ಸಾವಿರಾರು ಮಕ್ಕಳ ನಾಲಗೆಗೆ ನಮ್ಮ ಹಿರಿಯರ ಹೆಸರುಗಳನ್ನಿಟ್ಟ ಮಿಸ್ ಒಜೆಲ್ಲಾ ಪಿಂಕ್ನಿ ಅವರಿಗೆ ದೀರ್ಘ ಆಯುಸ್ಸೂ ಗಟ್ಟಿ ಮೊಣಕಾಲುಗಳೂ ಇರಲಿ; ಬರುವ ಫೆಬ್ರವರಿಯಲ್ಲೂ ಮಾತು ಮರೆತ ಮಗುವಿನ ಬೆನ್ನ ಹಿಂದೆ ಅವರೇ ಕಾಣಿಸಲಿ. ಅವರ ನಾಚಿಕೆಯನ್ನು ನಾವು ಕಳೆಯಲಾರೆವು, ಕಳೆಯಿರೆಂದು ಅವರು ಕೇಳಿಯೂ ಇಲ್ಲ. ಗ್ರಂಥ ಬಿಡುಗಡೆಯ ದಿನ ಮುಂದಿನ ಸಾಲಿನಲ್ಲಿ ಮದರ್ ಲೋವಿ ಇರುತ್ತಾರೆ. ಕಣ್ಣು ಮಂಜಾಗಿರುವುದರಿಂದ ಈ ಪುಟವನ್ನು ಮಿಸ್ ಒಜೆಲ್ಲಾ ಅವರೇ ಅವರಿಗೆ ಓದಿ ಹೇಳಬೇಕೆಂದು ನಿಶ್ಚಯವಾಗಿದೆ. ಆದುದರಿಂದ ಕೊನೆಯ ಸಾಲು ಇಬ್ಬರಿಗೂ ಸೇರಿದ್ದು:

ಪೆಂಡರ್ ಲ್ಯಾಂಡಿಂಗ್‌ನ ಸೀಫಸ್ ಗ್ಯಾಡ್ಸನ್, ಸಿಂಪಿ ಬಿಡಿಸುವ ಹೆಂಗಸರ ಅಂಗೈ ಕಾಯುವ ಕವಚವನ್ನು ಮಾಡಿದವರು; ಆಧಾರ, ಅವರ ಹೆಂಡತಿಯ ಎಡಗೈ.