ಮೂರನೇ ತೂತಿನ ತಂತಿ

ಎಂಬತ್ತರ ದಶಕದಲ್ಲಿ ಕುಣಿಗಲ್ಲಿನಲ್ಲಿ ಟೀಚರಾಗಿದ್ದಾಗ ನನಗೆ ರೇಡಿಯೊ ಜೋಡಿಸುವ ಹುಚ್ಚಿತ್ತು. ಆದರೆ ಬಾಡಿಗೆ ಮನೆಯಲ್ಲಿ ಸೋಲ್ಡರಿಂಗ್ ಐರನ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಬೆಂಗಳೂರಿನಿಂದ ತರಿಸಿದ್ದ ಎರಡು ಐಸಿ ಚಿಪ್‌ಗಳು ಬೆಸುಗೆ ಹಾಕುವಾಗಲೇ ಸತ್ತವು. ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿದೆ. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿಂಗಿನ ಮೂರನೇ ತೂತಿಗೆ ತಂತಿಯೇ ಇರಲಿಲ್ಲ.

ಪಕ್ಕದ ಮನೆಯಲ್ಲೇ ಇದ್ದ ಓನರ್ ರಹಮಾನ್ ಸಾಬರಿಗೆ, ಹಿತ್ತಲಲ್ಲಿ ಅರ್ತ್ ಗುಂಡಿ ತೋಡಬೇಕು ಅಂದೆ.

"ನಮ್ಮಪ್ಪನ ಕಾಲದಿಂದ ಇದೇ ವೈರಿಂಗು. ಯಾರೂ ಸತ್ತಿಲ್ಲ. ಗುಂಡಿಗಿಂಡಿ ತೋಡೋದಾದ್ರೆ ಮನೆ ಖಾಲಿ ಮಾಡಿ ಟೀಚರಮ್ಮ" ಅಂದರು.

"ಮಾಡ್ತೀನಿ ಸಾಬರೇ. ಗುಂಡಿ ತೋಡಿದ್ಮೇಲೆ ಮಾಡ್ತೀನಿ. ಮುಂದೆ ಬರೋರಾದ್ರೂ ಶಾಕ್ ಹೊಡಿಸ್ಕೊಳ್ದೆ ಇರ್ಲಿ."

ಭಾನುವಾರ ಸೆರಗು ಸಿಕ್ಕಿಸಿ ಹಾರೆ ಹಿಡಿದೆ. ಸಾಬರು ಮೆಟ್ಟಿಲ ಮೇಲೆ ನಿಂತು ಬೈದರು. ಅಂಗೈಗೆ ಬೊಬ್ಬೆ ಬಂದರೂ ನಾನು ನಿಲ್ಲಿಸಲಿಲ್ಲ. ಪೈಪು ಇಳಿಸಿ ಸುತ್ತ ಇದ್ದಿಲು, ಉಪ್ಪು ತುಂಬುವಾಗ ಅವರ ಹೆಂಡತಿ ಅಮೀನಾಬಿ ಬಿಂದಿಗೆ ನೀರು ತಂದು ತಾವೇ ಸುರಿದರು.

"ಇಸ್ತ್ರಿ ಪೆಟ್ಟಿಗೆ ನಂಗೂ ಹೊಡೀತದೆ ಅಂತ ಎಷ್ಟು ಸಲ ಹೇಳಿದೀನಿ ಇವ್ರಿಗೆ. ನಮ್ಮ ಕಡೆಗೂ ಒಂದು ತಂತಿ ಎಳೆಸಿ ಟೀಚರಮ್ಮ" ಅಂದರು.

ಸಾಬರು ಮೆಟ್ಟಿಲು ಬಿಟ್ಟು ಒಳಗೆ ಹೋದರು.

ಮಾರನೇ ದಿನ ವೈರ್‌ಮನ್ ಬಂದು ಎರಡೂ ಮನೆಗೆ ತಂತಿ ಎಳೆದ. ಐರನ್ ಮುಟ್ಟಿದರೆ ಬೆರಳು ಮತ್ತೆ ಜುಮ್ಮೆನ್ನಲಿಲ್ಲ, ಹೊಸ ಐಸಿಯೂ ಬದುಕಿತು. ಮನೆ ಖಾಲಿ ಮಾಡುವ ಮಾತನ್ನು ಯಾರೂ ಎತ್ತಲಿಲ್ಲ. ಆಮೇಲೆ ಸಾಬರು ಬೀದಿಯವರಿಗೆಲ್ಲ ಹೇಳಿಕೊಂಡು ಬಂದದ್ದು ಒಂದೇ ಮಾತು: "ಅರ್ತಿಂಗ್ ನಾನೇ ಮುಂದೆ ನಿಂತು ಮಾಡಿಸಿದ್ದು."

ನಿಂತಿದ್ದದ್ದೇನೋ ಸುಳ್ಳಲ್ಲ.