ಮಾವನ ದೋಣಿಯ ಬಿರಡೆ

ನನ್ನ ತಮ್ಮ ಹೇಡಿ. ಅಕ್ಕ ಎಂದು ನಾನು ಅದನ್ನು ಮುಚ್ಚಿಡುವುದಿಲ್ಲ. ಜನ ದೋಣಿಗಳನ್ನು ಕೆರೆಗೆ ಇಳಿಸುವ ಕಾಂಕ್ರೀಟ್ ಇಳಿಜಾರನ್ನು ಕಾಯುವುದು ಅವನ ಕೆಲಸ. ಅದನ್ನು ಕೊಡಿಸಿದವರು ಅವನ ಮಾವ. ವಾಸವೂ ಮಾವನ ಮನೆಯಲ್ಲೇ. ಮಹಡಿಯ ಕೋಣೆಗೆ ಹತ್ತಬೇಕಾದರೆ ಅವರ ಕುರ್ಚಿಯನ್ನು ದಾಟಿಯೇ ಹೋಗಬೇಕು. ಇಪ್ಪತ್ತು ವರ್ಷಗಳಿಂದ ಅವನು ಉಸಿರು ಬಿಗಿಹಿಡಿದು ದಾಟುತ್ತಿದ್ದಾನೆ.

ಒಳಗೆ ಸೇರಿದ ನೀರು ಹರಿದುಹೋಗಲೆಂದು ದೋಣಿಯ ತಳದಲ್ಲಿ ಒಂದು ತೂತಿರುತ್ತದೆ. ನೀರಿಗೆ ಇಳಿಸುವ ಮೊದಲು ಅದಕ್ಕೆ ಬಿರಡೆ ಹಾಕಬೇಕು, ಇಲ್ಲದಿದ್ದರೆ ದೋಣಿ ಮುಳುಗುತ್ತದೆ. ಪ್ರತಿ ಭಾನುವಾರ ತಮ್ಮದೇ ದೋಣಿ ತರುವ ಮಾವ ಪ್ರತಿ ಸಲವೂ ಅದನ್ನು ಮರೆಯುತ್ತಾರೆ. ಮರೆವು ಬೇರೆಯವರ ಕಾಯಿಲೆ ಎಂದು ಅವರ ನಂಬಿಕೆ. ತಮ್ಮ ಯಾರಿಗೂ ಕಾಣದಂತೆ ಬಗ್ಗಿ ಬಿರಡೆ ಹಾಕಿ ಸುಮ್ಮನಾಗುತ್ತಾನೆ.

ಮೊನ್ನೆಯ ಭಾನುವಾರ ನಾನೂ ಅಲ್ಲಿದ್ದೆ. ದೋಣಿ ಇಳಿಸಲು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಮಾವ ಹೇಳಿದರು: "ನಮ್ಮ ಅಳಿಯಂದಿರು ಹಗಲೆಲ್ಲ ಕೆರೆ ಕಾಯ್ತಾರೆ, ಮೊಣಕಾಲುದ್ದ ನೀರಿಗೂ ಇಳಿಯಲ್ಲ! ನಾನು ಹೊರಗೆ ಹಾಕಿದ್ರೆ ಇವರಿಗೆ ಮಲಗೋಕೂ ಜಾಗ ಇಲ್ಲ."

ಎಲ್ಲರೂ ನಕ್ಕರು.

ತಮ್ಮ ಅಂದು ಬಗ್ಗಲಿಲ್ಲ. ದೋಣಿಯೊಳಗೆ ಬಿದ್ದಿದ್ದ ಬಿರಡೆಯನ್ನು ಎತ್ತಿ, ಎಲ್ಲರೆದುರು ಮಾವನ ಕಡೆ ಚಾಚಿದ.

"ಮಾವ, ಇವತ್ತೂ ಮರೆತಿದ್ದೀರಿ. ನೀವೇ ಹಾಕ್ಕೊಳ್ಳಿ."